ಎಡ ಪೆಡಲಿಗೊಂದು ಮರದ ತುಂಡು

ದಸರಾ ರಜೆ ಶುರುವಾಗುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ತಮ್ಮ ಫೋನನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಬೇಸಿಗೆಯಲ್ಲಿ ಅವರು ಮನೆಯವರ ಜೊತೆ ಸಮುದ್ರದ ನಡುವಿನ ಯಾವುದೋ ದ್ವೀಪಕ್ಕೆ ಹೋಗಿ ಬಂದಿದ್ದರು. ಅಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಾರಂತೆ. ದ್ವೀಪದ ಸುತ್ತ ಸೈಕಲ್ಲಿಗೇ ಅಂತ ಮಾಡಿದ ದಾರಿ, ಒಂದು ಕಡೆ ತೆಂಗಿನ ಸಾಲು, ಇನ್ನೊಂದು ಕಡೆ ನೀಲಿ ನೀರು. ಫೋನು ನನ್ನ ಕೈಗೆ ಬಂದಾಗ ಅವರು ತಟ್ಟನೆ ಮಾತು ನಿಲ್ಲಿಸಿದರು. ನನ್ನ ಎಡಗಾಲಿನ ದಪ್ಪ ಅಟ್ಟೆಯ ಬೂಟಿನ ಮೇಲೆ ಅವರ ಕಣ್ಣು ಒಂದು ಕ್ಷಣ ನಿಂತು ಹೋಯಿತು.

"ನೀವು ಈ ರಜಾ ಚೆನ್ನಾಗಿ ರೆಸ್ಟ್ ತಗೊಳ್ಳಿ ಮೇಡಂ" ಅಂದರು.

ನಾನು ನಾಗಮಂಗಲದಿಂದ ಬಿಂಡಿಗನವಿಲೆ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಇಪ್ಪತ್ತೆರಡು ವರ್ಷ ಬಿಸಿಲಿನಲ್ಲಿ ನಿಂತು ಸೀಟಿ ಊದಿದವಳು. ನಾಗಮಂಗಲದ ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೆ. ಸಪೂರ ಟೈರಿನ, ಬಾಗಿದ ಹ್ಯಾಂಡಲ್ಲಿನ ಸೈಕಲ್ಲು. ಕುರಿ ಮೇಯಿಸುವವರು ಅದನ್ನು ನೋಡಿ "ಟಗರಿನ ಕೊಂಬಿನ ಸೈಕಲ್ಲು" ಅನ್ನುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಒಂದು ಸಂಜೆ ಶಾಲೆಯಿಂದ ಬರುವಾಗ ಹಿಂದಿನಿಂದ ಬಂದ ಟ್ರಾಕ್ಟರಿನ ಟ್ರೈಲರು ತಾಗಿತು. ಎಡ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ರಾಡು ಹಾಕಿದರು. ಮೂಳೆ ಕೂಡಿತು, ಆದರೆ ಕಾಲು ಎರಡು ಇಂಚಿನಷ್ಟು ಗಿಡ್ಡವಾಯಿತು, ಬೂಟಿನ ದಪ್ಪ ಅಟ್ಟೆ ಅದರ ಅರ್ಧವನ್ನಷ್ಟೇ ತುಂಬುತ್ತದೆ.

ಮತ್ತೆ ಶಾಲೆಗೆ ಬಂದಾಗ ಹೆಡ್ ಮಾಸ್ಟರು ಹುಣಸೆ ಮರದ ಕೆಳಗೆ ಒಂದು ಕುರ್ಚಿ ಹಾಕಿಸಿಟ್ಟಿದ್ದರು. "ನೀವು ನೆರಳಲ್ಲಿ ಕೂತು ಸೀಟಿ ಊದಿ ಸಾಕು ಮೇಡಂ" ಎಂದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು. ಮದುವೆಮನೆಗಳಲ್ಲಿ ಮೊದಲ ಪಂಕ್ತಿಗೇ ಕೂರಿಸಿದರು. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯತನಕ್ಕೆ ನಾನು ಏನೂ ಅನ್ನುವ ಹಾಗಿರಲಿಲ್ಲ, ಅದರಿಂದ ಹೊರಗೆ ಬರುವ ಹಾಗೂ ಇರಲಿಲ್ಲ.

ಅವತ್ತು ಸ್ಟಾಫ್ ರೂಮಿನಲ್ಲಿ ಯಾಕೋ ತಡೆಯಲಾಗಲಿಲ್ಲ. "ರೆಸ್ಟು ಒಂದೂವರೆ ವರ್ಷ ಆಯ್ತು" ಅಂದೆ. "ಈ ರಜಕ್ಕೆ ನಾನೂ ದ್ವೀಪಕ್ಕೇ ಹೋಗ್ತಾ ಇದೀನಿ. ಸೈಕಲ್ ಓಡಿಸೋದಕ್ಕೆ."

"ಯಾವ ದ್ವೀಪ ಮೇಡಂ?"

"ಶ್ರೀರಂಗಪಟ್ಟಣ."

ಎಲ್ಲರೂ ನಕ್ಕರು. ಗಣಿತದ ಮೇಷ್ಟ್ರು "ಅದನ್ನೂ ದ್ವೀಪ ಅಂತೀರಾ?" ಎಂದರು. ನಾಲ್ಕೂ ಕಡೆ ನೀರಿದ್ದರೆ ದ್ವೀಪ ಅಂತ ನಮ್ಮ ಪ್ರೈಮರಿ ಪುಸ್ತಕದಲ್ಲೇ ಇದೆ, ಕಾವೇರಿ ಎರಡು ಸೀಳಾಗಿ ಹರಿದು ಮತ್ತೆ ಸೇರುವ ತನಕ ನಡುವೆ ಇರುವುದೆಲ್ಲ ದ್ವೀಪವೇ ಅಂದೆ. ನಗು ನಿಂತಿತು. ನಿಜ ಹೇಳಬೇಕೆಂದರೆ, ಆ ಮಾತು ಬಾಯಿಂದ ಬೀಳುವ ತನಕ ಹಾಗೊಂದು ಯೋಚನೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ಬಿದ್ದ ಮೇಲೆ ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಮೊದಲ ತೊಡಕು ಅಂದರೆ ನನ್ನ ಸೈಕಲ್ಲಿಗೆ ಚಕ್ರಗಳೇ ಇರಲಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡ ಎರಡೂ ಚಕ್ರ ಬಿಚ್ಚಿ, ಕೆ.ಆರ್. ಪೇಟೆಯ ತಮ್ಮ ಗೊಬ್ಬರದ ಅಂಗಡಿಗೆ ತೆಗೆದುಕೊಂಡು ಹೋಗಿ ಇಟ್ಟಿದ್ದರು. ಬೈದು ಬಿಚ್ಚಿದ್ದಲ್ಲ. ರಸ್ತೆಯ ಮೇಲೆ ಬಿದ್ದಿದ್ದ ನನ್ನನ್ನು ಎತ್ತಿ ಕಾರಿಗೆ ಹಾಕಿದವರು ಅವರು. ಆ ಚಿತ್ರ ಅವರ ಕಣ್ಣಿನಿಂದ ಹೋಗಿರಲಿಲ್ಲ. ಅದು ನನಗೆ ಅರ್ಥವಾಗುತ್ತಿತ್ತು. ಆದರೆ ಬಿದ್ದವಳು ನಾನು, ಹೆದರಿಕೆ ಅವರದು, ಆ ಹೆದರಿಕೆಗೆ ಮನೆಯಲ್ಲಿ ಕೂರಬೇಕಾದವಳು ಮಾತ್ರ ನಾನು, ಇದು ಅರ್ಥವಾಗುತ್ತಿರಲಿಲ್ಲ.

ಮಾರನೆಯ ದಿನ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅಂಗಡಿಗೆ ಹೋದಾಗ ಅವರು ಯಾರಿಗೋ ಭತ್ತದ ಬೆಂಕಿರೋಗಕ್ಕೆ ಔಷಧಿ ಹೇಳುತ್ತಿದ್ದರು. ನಾನು ನೇರವಾಗಿ ಹಿಂದಿನ ಗೋಡೌನಿಗೆ ನಡೆದೆ. ಯೂರಿಯಾ ಮೂಟೆಗಳ ಹಿಂದೆ ಎರಡೂ ಚಕ್ರ ಧೂಳು ಹಿಡಿದು ಗೋಡೆಗೆ ಒರಗಿದ್ದವು. ಒಂದೊಂದು ಕೈಗೆ ಒಂದೊಂದು ಹಿಡಿದು ಈಚೆ ಬಂದಾಗ ಅವರ ಮುಖ ನೋಡುವ ಹಾಗಿತ್ತು.

"ಏನ್ ಮಾಡ್ತಾ ಇದ್ದೀಯ ನೀನು?"

"ರಜಕ್ಕೆ ಗಂಜಾಂಗೆ ಹೋಗ್ತೀನಿ. ದೊಡ್ಡಮ್ಮನ ಮನೆಗೆ. ಸೈಕಲ್ ತಗೊಂಡು."

"ಡಾಕ್ಟ್ರು ಏನಂದ್ರು ಗ್ಯಾನ ಅದಾ?"

"ಮೂಳೆ ಕೂಡಿದೆ ಅಂದ್ರು. ಓಡಬೇಡಿ ಅಂದ್ರು. ಸೈಕಲ್ ಬೇಡ ಅಂತ ಅವರು ಹೇಳಲಿಲ್ಲ, ನೀವು ಹೇಳಿದ್ದು."

ಗಿರಾಕಿ ಔಷಧಿ ಬಾಟಲಿ ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡುತ್ತಿದ್ದ. ನನ್ನ ಗಂಡ ಅವನೆದುರಿಗೆ ಜಗಳಕ್ಕೆ ಇಳಿಯುವವರಲ್ಲ. ಅದು ನನಗೆ ಗೊತ್ತಿದ್ದೇ ಆ ಹೊತ್ತಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಎರಡೂ ಚಕ್ರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರು "ಮಿಕ್ಕಿದ್ ಸೈಕಲ್ಲು ಎಲ್ಲಕ್ಕಾ?" ಎಂದ. ಮನೇಲಿ ಕಾಯ್ತಾ ಇದೆ ಅಂದೆ.

ಎರಡು ದಿನದ ನಂತರ ಮೈಸೂರಿಗೆ ಎಳನೀರು ಒಯ್ಯುವ ಪರಿಚಯದವರ ಟೆಂಪೋದಲ್ಲಿ ನಾನೂ ನನ್ನ ಸೈಕಲ್ಲೂ ಗಂಜಾಂ ಸೇರಿದೆವು.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಎಪ್ಪತ್ತು ದಾಟಿದೆ. ನಿಮಿಷಾಂಬ ದೇವಸ್ಥಾನದ ಹತ್ತಿರ ಬುಟ್ಟಿ ಇಟ್ಟುಕೊಂಡು ನಿಂಬೆಹಣ್ಣು ಮಾರುತ್ತಾಳೆ. ಮಗ ಸೊಸೆ ಪಕ್ಕದ ಮನೆಯಲ್ಲೇ ಇದ್ದಾರೆ, ಹಸು ಕಟ್ಟಿದ್ದಾರೆ. ನೀನು ಮನೇಲಿರು ಅಂದರೆ ಅವಳು ಕೇಳುವುದಿಲ್ಲ. "ಕುಂತ್ರೆ ಮಂಡಿ ಇಡ್ಕತದೆ" ಅನ್ನುತ್ತಾಳೆ. ಟೆಂಪೋದಿಂದ ಸೈಕಲ್ಲು ಇಳಿದಾಗ ಅವಳು ಅದನ್ನು ಸುತ್ತಲೂ ನೋಡಿ, ಸಪೂರ ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಇದು ನಿನ್ನ ಓರ್ತದಾ, ಇಲ್ಲ ನೀನು ಇದ್ನ ಓರ್ತೀಯ?" ಎಂದು ಕೇಳಿದಳು.

ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಮನೆಯ ಹಿಂದಿನ ಕಣದಲ್ಲಿ ಅವತ್ತು ಸಂಜೆ ಮೂರು ಸಲ ಬಿದ್ದೆ. ಬಲಗಾಲಿಗೆ ಪೆಡಲು ಸಿಗುತ್ತಿತ್ತು. ಎಡಗಾಲು ಕೆಳಗೆ ಹೋಗುವಾಗ ಪೆಡಲು ಪಾದದಿಂದ ಜಾರಿ ತಪ್ಪಿಸಿಕೊಳ್ಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಬೇಲಿಯಾಚೆ ಕೂತಿದ್ದ ಇಬ್ಬರು ಗಂಡಸರಲ್ಲಿ ಒಬ್ಬರು "ಸಾಕು ಬುಡವ್ವ, ಇನ್ಯಾಕೆ ಈ ವಯಸ್ನಲ್ಲಿ" ಎಂದರು. ನನಗೆ ನಲವತ್ತೇಳು. ನಾನು ಎದ್ದು, ಸೀರೆಯಾಗಿದ್ದರೆ ಕೊಡವಿಕೊಳ್ಳುತ್ತಿದ್ದೆನೇನೋ, ಟ್ರ್ಯಾಕ್ ಪ್ಯಾಂಟಿನ ಮಣ್ಣನ್ನು ಹಾಗೇ ಬಿಟ್ಟು ನಾಲ್ಕನೆಯ ಸಲ ಹತ್ತಿದೆ. ನಾಲ್ಕನೆಯ ಸಲವೂ ಬಿದ್ದೆ. ಅವರು ಎದ್ದು ಹೋದರು. ಅವರು ಹೋಗಲಿ ಅಂತಲೇ ಬಿದ್ದ ಹಾಗಿತ್ತು.

ಬೆಳಿಗ್ಗೆ ಸೈಕಲ್ಲನ್ನು ತಳ್ಳಿಕೊಂಡು ಪಟ್ಟಣದ ಪೇಟೆಯೊಳಗಿನ ಒಂದು ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಸಾಬರಿಗೆ ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಕಥೆ ಕೇಳಲಿಲ್ಲ. ಸೀಟಿನ ಮೇಲೆ ಕೂರಿಸಿ, ಗೋಡೆ ಹಿಡಿದುಕೊಳ್ಳಲು ಹೇಳಿ, ಎಡ ಪೆಡಲನ್ನು ಕೆಳಗೆ ತಿರುಗಿಸಿ, ಪೆಡಲಿಗೂ ನನ್ನ ಬೂಟಿಗೂ ನಡುವೆ ಎರಡು ಬೆರಳು ಇಟ್ಟು ನೋಡಿದರು.

"ಕಾಲು ಉದ್ದ ಮಾಡೋಕೆ ನನ್ ಕೈಲಾಗಲ್ಲ ಬೇಟಿ" ಎಂದರು. "ಪೆಡ್ಲು ದಪ್ಪ ಮಾಡ್ಕೊಡ್ತೀನಿ."

ಹಳೆಯ ಬಾಗಿಲ ಚೌಕಟ್ಟಿನ ತೇಗದ ತುಂಡೊಂದನ್ನು ಗರಗಸದಲ್ಲಿ ಕೊಯ್ದು, ಉಜ್ಜಿ, ಪೆಡಲಿನ ಮೇಲೆ ಕೂರಿಸಿ ಬೋಲ್ಟು ಹಾಕಿದರು. ಜಾರದಿರಲೆಂದು ಅದರ ಮೇಲೆ ಹಳೆಯ ಟೈರಿನ ಚೂರು ಬಡಿದರು. ಪಾದ ಕದಲದಂತೆ ಒಂದು ಚರ್ಮದ ಪಟ್ಟಿಯನ್ನೂ ಕೊಟ್ಟರು. "ಬೀಳುವಾಗ ಪಟ್ಟಿಯಿಂದ ಕಾಲು ಮೊದ್ಲು ಎಳ್ಕೊ. ಆಮೇಲೆ ಬೀಳು" ಎಂದು ಬುದ್ಧಿ ಹೇಳಿದರು.

ಅಂಗಡಿಯ ಮುಂದೆಯೇ ಹತ್ತಿದೆ. ಎಡಗಾಲು ಒತ್ತಿದಾಗ ಮರದ ತುಂಡು ಪಾದಕ್ಕೆ ಸಿಕ್ಕಿತು. ಮತ್ತೊಮ್ಮೆ ಒತ್ತಿದೆ, ಮತ್ತೆ ಸಿಕ್ಕಿತು. ಕೋಟೆಯ ಬಾಗಿಲು ದಾಟಿ ಗಂಜಾಂ ರಸ್ತೆಗೆ ಬಂದ ಮೇಲೆಯೇ ನನಗೆ ಗೊತ್ತಾದದ್ದು, ನಡೆಯುವಾಗ ಸೊಂಟದ ಒಂದು ಕಡೆ ಬೀಳುವ ಆ ಕುಕ್ಕು ಸೈಕಲ್ಲಿನ ಮೇಲೆ ಇಲ್ಲ ಅಂತ. ನೆಲದ ಮೇಲೆ ನಾನು ಕುಂಟುತ್ತೇನೆ. ಸೈಕಲ್ಲಿನ ಮೇಲೆ ಕುಂಟುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ಒಂದೂವರೆ ವರ್ಷ ಯಾರೂ ನನಗೆ ನೋಡಲು ಬಿಟ್ಟಿರಲಿಲ್ಲ. ದರಿಯಾ ದೌಲತ್ತಿನ ಮುಂದೆ ಪ್ರವಾಸಿ ಬಸ್ಸುಗಳು ಅಡ್ಡಡ್ಡ ನಿಂತಿದ್ದವು. ಅವುಗಳ ನಡುವೆ ತೂರಿಕೊಂಡು ಹೋಗುವಾಗ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದು ಅಂತ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ದ್ವೀಪದ ಒಂದೊಂದು ದಾರಿಯನ್ನೂ ಹಿಡಿದು ಹೋದೆ. ಬೆಳಗಿನ ಹೊತ್ತು ಪಡುವಣ ತುದಿಗೆ, ನದಿ ಎರಡಾಗುವ ಕಡೆ. ಅಲ್ಲಿ ರೈಲಿನ ಹಳಿ ಕೋಟೆಯನ್ನು ಸೀಳಿಕೊಂಡು ಹೋಗುತ್ತದೆ, ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಕಲ್ಲು ಜಾಸ್ತಿ, ಸಪೂರ ಟೈರಿಗೆ ಅದು ಆಗುವುದಿಲ್ಲ. ಇಳಿದು ತಳ್ಳಿದೆ. ಮೂಡಲಿಗೆ ಗುಂಬಜಿನ ತನಕ ಒಳ್ಳೆಯ ಡಾಂಬರು, ಅಲ್ಲಿಂದ ಸಂಗಮದ ತನಕ ಎರಡೂ ಕಡೆ ಕಬ್ಬು ಮತ್ತು ಭತ್ತ. ಭತ್ತ ಹೊಡೆ ಬಿಚ್ಚುವ ಕಾಲ. ಆ ವಾಸನೆಗೆ ಹೊಟ್ಟೆ ಹಸಿಯುತ್ತಿತ್ತು. ಮೊದಲ ದಿನ ಗುಂಬಜಿಗೆ ಹೋಗಿ ಬರುವುದರೊಳಗೆ ತೊಡೆ ನಡುಗಿತು. ನಾಲ್ಕನೆಯ ದಿನ ಸಂಗಮಕ್ಕೆ ಎರಡು ಸಲ ಹೋಗಿ ಬಂದೆ. ಸಂಗಮದಲ್ಲಿ ಪಿಂಡ ಬಿಡಿಸುವ ಪುರೋಹಿತರು, ತೆಪ್ಪದವರು, ಹೂವಿನವರು ಎಲ್ಲರೂ ನನ್ನನ್ನು ಗುರುತು ಹಿಡಿಯತೊಡಗಿದರು. "ಬಂದ್ರು ನೋಡ್ಲಾ ಸೈಕಲ್ ಅಮ್ಮ" ಅನ್ನುವುದು ಕೇಳಿಸುತ್ತಿತ್ತು. ಅದರಲ್ಲಿ ಕಾಲಿನ ಮಾತು ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಐದನೆಯ ದಿನ ಸಂಗಮಕ್ಕೆ ಹೊಸ ದಾರಿ ಹುಡುಕಿದೆ. ಟಾರು ರಸ್ತೆಯಲ್ಲಿ ಟೂರಿಸ್ಟ್ ಕಾರುಗಳ ಹಾರನ್ನು ತಾಳಲಾಗುತ್ತಿರಲಿಲ್ಲ. ಗಂಜಾಂ ಆಚೆಗೆ ಗದ್ದೆಗಳಿಗೆ ನೀರು ಕೊಡುವ ಒಂದು ನಾಲೆ ಇದೆ. ಅದರ ಏರಿಯ ಮೇಲೆ ಗಟ್ಟಿಯಾದ ಕೆಂಪು ಮಣ್ಣಿನ ದಾರಿ. ಒಂದು ಕಡೆ ತೆಂಗು, ಇನ್ನೊಂದು ಕಡೆ ನಾಲೆಯ ನೀರು. ಕಡಲ ದ್ವೀಪದ್ದೇನು ಹೆಚ್ಚು ಅಂದುಕೊಂಡು ಅರ್ಧ ದಾರಿ ಹೋಗಿದ್ದೆ. ಎದುರಿಗೆ ಹೊಸ ಕಬ್ಬಿಣದ ಗೇಟು. ಬೀಗ. ಗೇಟಿನ ಎರಡೂ ಕಡೆ ತಂತಿಬೇಲಿ ನಾಲೆಯ ನೀರಿನ ತನಕ ಇಳಿದಿತ್ತು. ಒಳಗೆ ಯಾರೋ ಪ್ರವಾಸಿಗರಿಗೆ ರೂಮು ಕಟ್ಟಿಸುತ್ತಿದ್ದರು. ಇಟ್ಟಿಗೆ, ಜಲ್ಲಿ, ಅರ್ಧ ಎದ್ದ ಗೋಡೆ.

ಕಾವಲಿನವನು ಕುರ್ಚಿಯಿಂದ ಏಳಲಿಲ್ಲ. "ದಾರಿ ಇಲ್ಲ ಕಣಮ್ಮ. ಪ್ರೈವೇಟು."

"ನಾಲೆ ಏರಿ ಹೆಂಗೆ ಪ್ರೈವೇಟ್ ಆಗುತ್ತೆ?"

"ಅದೆಲ್ಲ ಓನರ್ ಕೇಳಿ. ನಂಗ್ ಬುಡಬ್ಯಾಡ ಅಂದವ್ರೆ." ನನ್ನ ಬೂಟಿನ ಕಡೆ ನೋಡಿದ. "ಕಾಲು ಬೇರೆ ಇಂಗದೆ. ಮನೇಲಿರಾದ್ಬುಟ್ಟು ಯಾಕ್ ಬೇಕಿತ್ತು ನಿಮ್ಗೆ ಇದೆಲ್ಲ?"

ಗೇಟಿನ ಮುಂದೆಲ್ಲ ಜಲ್ಲಿ ಚೆಲ್ಲಿತ್ತು, ಸೈಕಲ್ ತಿರುಗಿಸಲು ಇಳಿಯಲೇಬೇಕಾಯಿತು. ಅವನ ಕಣ್ಣೆದುರಿಗೆ ಕುಂಟಿಕೊಂಡು ಸೈಕಲ್ಲನ್ನು ತಿರುಗಿಸಿ, ಹತ್ತಲು ಹೋಗಿ ತಪ್ಪಿ, ಕೊನೆಗೆ ತಳ್ಳಿಕೊಂಡೇ ವಾಪಸು ಬಂದೆ. ಅಪಘಾತವಾದ ದಿನಕ್ಕಿಂತ ಆ ಹತ್ತು ನಿಮಿಷ ನನಗೆ ಕಷ್ಟವಾಗಿತ್ತು.

ಮಧ್ಯಾಹ್ನ ದೇವಸ್ಥಾನದ ಹತ್ತಿರ ದೊಡ್ಡಮ್ಮನ ಬುಟ್ಟಿಯ ಪಕ್ಕ ಕೂತು ಹೇಳಿದೆ. ಅವಳು ನಿಂಬೆಹಣ್ಣು ಒರೆಸುವುದನ್ನು ನಿಲ್ಲಿಸಿದಳು.

"ಯಾವ್ ಏರಿ? ಊರಾಚೆ ತೂಬಿನ ಏರಿನಾ?"

"ಹೂಂ."

"ನಿಮ್ ದೊಡ್ಡಪ್ಪಂಗೆ ಇಪ್ಪತ್ತೈದ್ ವರ್ಸ ಅದೇ ಏರಿ ಮೇಲೆ ಗದ್ದೆಗೆ ಇಟ್ಟು ಸಾರು ಒತ್ಕೊಂಡೋಗಿವ್ನಿ ನಾನು. ಅದ್ಯಾವನವ ಗೇಟಾಕಕೆ?" ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ತಿರುಕ್ಕಂಡ್ ಬಂದೆ?" ಎಂದಳು.

ನಾನು ಬುಟ್ಟಿಯಿಂದ ನಿಂಬೆಹಣ್ಣೊಂದನ್ನು ತೆಗೆದು ಒರೆಸತೊಡಗಿದೆ.

ಸಂಜೆ ಅವಳು ನಾಲ್ಕು ಮನೆಗೆ ಹೋಗಿ ಬಂದಳು. ಗೇಟು ಹಾಕಿ ಎರಡು ತಿಂಗಳಾಗಿತ್ತಂತೆ. ಹುಲ್ಲು ಕೊಯ್ಯಲು ಆ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಈಗ ದೂರದ ರಸ್ತೆ ಸುತ್ತಿ, ತಲೆಯ ಮೇಲೆ ಹೊರೆ ಹೊತ್ತು, ಕಾರುಗಳ ನಡುವೆ ಬರುತ್ತಿದ್ದರಂತೆ. ಎಲ್ಲರೂ ಗೊಣಗಿದ್ದರು, ಯಾರೂ ಕೇಳಿರಲಿಲ್ಲ. ನಾನು ಓದಿದವಳು, ಸರ್ಕಾರಿ ಕೆಲಸದವಳು. ನನ್ನ ಪಾಲಿಗೆ ಒಂದು ಕೆಲಸ ಇತ್ತು. ಮಾರನೆಯ ದಿನ ತಾಲ್ಲೂಕು ಕಚೇರಿ ತೆರೆದಿತ್ತು. ಪಟ್ಟಣಕ್ಕೆ ಹೋಗಿ ಗ್ರಾಮನಕ್ಷೆಯ ನಕಲಿಗೆ ಅರ್ಜಿ ಕೊಟ್ಟೆ. ನಾಳೆ ಬನ್ನಿ ಎಂದರು. ಮರುದಿನ ಹೋದೆ. ಸಂಜೆ ಬನ್ನಿ ಎಂದರು. ಕಾಲಿದ್ದವರು ಹೋಗಿ ಬರುತ್ತಾರೆ, ನನಗೆ ಮೆಟ್ಟಿಲು ಹತ್ತುವುದು ಕಷ್ಟ, ಕೊಡುವ ತನಕ ಇಲ್ಲೇ ಕೂರುತ್ತೇನೆ ಅಂದೆ. ಒಂದೂವರೆ ವರ್ಷದಲ್ಲಿ ಈ ಕಾಲನ್ನು ನಾನಾಗಿ ಮುಂದೆ ಮಾಡಿದ್ದು ಅದೊಂದೇ ಸಲ. ಮಧ್ಯಾಹ್ನದೊಳಗೆ ನಕ್ಷೆ ಕೈಗೆ ಬಂತು. ನಾಲೆಯ ಗೆರೆಯ ಪಕ್ಕದಲ್ಲೇ ಚುಕ್ಕಿ ಚುಕ್ಕಿಯ ಜೋಡಿ ಗೆರೆ. ಬಂಡಿದಾರಿ, ಅಂದರೆ ಎಲ್ಲರ ದಾರಿ.

ಎಂಟನೆಯ ದಿನ ಬೆಳಿಗ್ಗೆ ಆರು ಜನ ಹೆಂಗಸರು ಏರಿಯ ಮೇಲೆ ಹೊರಟೆವು. ಮುಂದೆ ಸೈಕಲ್ಲಿನಲ್ಲಿ ನಾನು, ಹಿಂದೆ ದೊಡ್ಡಮ್ಮ, ಅವಳ ಸೊಸೆ, ಕುಡುಗೋಲು ಹಿಡಿದ ಮೂವರು ನೆರೆಯವರು. ಕುಡುಗೋಲು ಹುಲ್ಲಿಗೆ ತಂದದ್ದೇ. ಆದರೂ ಕಾವಲಿನವನು ಈ ಸಲ ಕುರ್ಚಿಯಿಂದ ಎದ್ದ. ಯಾರಿಗೋ ಫೋನು ಮಾಡಿದ. ನಾವು ಗೇಟಿನ ಮುಂದೆ ಕೂತೆವು. ದೊಡ್ಡಮ್ಮ ಎಲೆ ಅಡಿಕೆ ಹಾಕಿಕೊಂಡಳು. ಮುಕ್ಕಾಲು ಗಂಟೆಗೆ ಬಿಳಿ ಕಾರೊಂದು ಬಂತು. ಇಳಿದವರು ಇಸ್ತ್ರಿ ಅಂಗಿಯ ಐವತ್ತರ ಮನುಷ್ಯ, ಸಭ್ಯವಾಗಿಯೇ ಮಾತಾಡಿದರು.

"ನೋಡಿ ಮೇಡಂ, ನಾವು ಎರಡೂ ಕಡೆ ಜಮೀನು ತಗೊಂಡಿದ್ದೀವಿ. ನಡುವೆ ಇರೋದು ನಮಗೇ ಸೇರುತ್ತೆ."

ನಕ್ಷೆ ಬಿಚ್ಚಿ ಕಾರಿನ ಬಾನೆಟ್ಟಿನ ಮೇಲೆ ಹರಡಿದೆ. ಜೋಡಿ ಗೆರೆಯ ಮೇಲೆ ಬೆರಳಿಟ್ಟೆ. ಅವರು ಬಗ್ಗಿ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತು ಅನ್ನುವುದು ಅವರು ನೋಡಿದ ರೀತಿಯಿಂದಲೇ ತಿಳಿಯಿತು.

"ಇದು ಹಳೇ ನಕ್ಷೆ. ನಿಮಗೆ ಅಷ್ಟು ಅನುಮಾನ ಇದ್ರೆ ಕೋರ್ಟಿಗೆ ಹೋಗಿ."

"ನಾನು ಕೋರ್ಟಿಗೆ ಹೋಗೋಕೆ ಬಂದಿಲ್ಲ. ಸಂಗಮಕ್ಕೆ ಹೋಗೋಕೆ ಬಂದಿದ್ದೀನಿ. ಈ ದಾರೀಲಿ."

"ರಸ್ತೆ ಇದೆಯಲ್ಲ ಮೇಡಂ, ನಿಮ್ಮ ಕಾಲಿಗೂ ಅದೇ ಒಳ್ಳೇದು."

"ನನ್ ಕಾಲಿಗೆ ಯಾವುದು ಒಳ್ಳೇದು ಅಂತ ನೀವು ಹೇಳಬೇಡಿ" ಅಂದೆ. ಧ್ವನಿ ಏರಿಸಲಿಲ್ಲ. ಮೈದಾನದ ಆ ತುದಿಗೂ ಕೇಳುವ ಹಾಗೆ ಮಾತಾಡಿ ಅಭ್ಯಾಸವಿದ್ದವಳು ನಾನು, ಅವತ್ತು ಅದು ಬೇಕಾಗಲಿಲ್ಲ. "ಬೀಗ ತೆಗೆಸಿ. ಇಲ್ಲ ಅಂದ್ರೆ ಇವತ್ತು, ನಾಳೆ, ನಾಳಿದ್ದು, ದಿನಾ ಇಲ್ಲೇ ಕೂರ್ತೀವಿ. ನಿಮ್ಮ ಸಿಮೆಂಟ್ ಲಾರಿ ಬರೋದೂ ಇದೇ ಏರಿ ಮೇಲೆ ಅಲ್ವಾ?"

ದೊಡ್ಡಮ್ಮ ಎಲೆಯಡಿಕೆಯ ಕೆಂಪನ್ನು ಪಕ್ಕಕ್ಕೆ ಉಗಿದು, "ನಂಗೇನ್ ಅರ್ಜೆಂಟಿಲ್ಲ ಕಣಪ್ಪ. ನಿಂಬೆಹಣ್ಣು ಇಲ್ಲೇ ತರ್ಸ್ಕತೀನಿ" ಎಂದಳು.

ಆ ಮನುಷ್ಯ ಆಚೆ ಹೋಗಿ ಫೋನಿನಲ್ಲಿ ಮಾತಾಡಿದರು. ಬಂದು, ಕಾವಲಿನವನಿಗೆ ಕೈಸನ್ನೆ ಮಾಡಿ, ನಮ್ಮ ಕಡೆ ನೋಡದೆ ಕಾರು ಹತ್ತಿದರು. ಬೀಗ ತೆಗೆಯುವಾಗ ಕಾವಲಿನವನು ಮೆಲ್ಲಗೆ, "ನಮ್ಮೂರ್ನಲ್ಲೂ ಇಂಗೇ ಮಾಡವ್ರೆ ಕಣಕ್ಕ" ಎಂದ. ಅವನ ಊರು ಯಾವುದು ಎಂದು ಕೇಳಲು ನನಗೆ ಹೊಳೆಯಲಿಲ್ಲ. ಈಗ ಅನ್ನಿಸುತ್ತದೆ, ಕೇಳಬಹುದಿತ್ತು.

ಗೇಟು ದಾಟಿ ಆಚೆಗೆ ಏರಿ ಸಣ್ಣಗೆ ಬಾಗುತ್ತದೆ. ಅಲ್ಲಿಂದ ಸಂಗಮದ ತನಕ ನಾನೊಬ್ಬಳೇ. ಹಿಂದಿನಿಂದ ಹೆಂಗಸರ ಮಾತು ಸ್ವಲ್ಪ ದೂರ ಕೇಳಿಸಿ ನಿಂತಿತು. ನೀರಿನ ಸದ್ದು ಮಾತ್ರ ಜೊತೆಗೆ ಬಂತು. ಬೆಳ್ಳಕ್ಕಿಗಳು ಗದ್ದೆಯಿಂದ ಎದ್ದು ಮುಂದಿನ ಗದ್ದೆಗೆ ಇಳಿದವು. ಗೆದ್ದೆ ಅಂತ ಅನ್ನಿಸಲಿಲ್ಲ. ಕೋಪವೇ ಇನ್ನೂ ಇತ್ತು. ಒಂದು ಮಣ್ಣಿನ ದಾರಿಯಲ್ಲಿ ಹೋಗಲು ನಕ್ಷೆ, ಅರ್ಜಿ, ಆರು ಜನ ಬೇಕಾಯಿತಲ್ಲ ಎಂಬ ಕೋಪ. ಆ ಕೋಪವನ್ನೇ ಪೆಡಲಿಗೆ ಹಾಕಿದೆ. ಸಂಗಮಕ್ಕೆ ಯಾವತ್ತೂ ಅಷ್ಟು ಬೇಗ ಮುಟ್ಟಿರಲಿಲ್ಲ.

ಮರುದಿನವೂ ಅದೇ ದಾರಿಯಲ್ಲಿ ಹೋದೆವು. ಅದರ ಮರುದಿನ ಬೀಗ ಇರಲಿಲ್ಲ. ಗೇಟು ಮಾತ್ರ ಈಗಲೂ ಇದೆ ಎಂದು ದೊಡ್ಡಮ್ಮನ ಸೊಸೆ ಹೇಳುತ್ತಾಳೆ. ಅರ್ಧ ತೆರೆದಿರುತ್ತದಂತೆ, ಹುಲ್ಲಿನ ಹೊರೆಯ ಜೊತೆ ಓರೆಯಾಗಿ ನುಗ್ಗಬೇಕಂತೆ. ತೆಗೆಸುವ ಅರ್ಜಿಗೆ ಅವಳೇ ಮೊದಲ ಸಹಿ ಹಾಕಿದ್ದಾಳೆ. ಅದಿನ್ನೂ ಕಚೇರಿಯಲ್ಲಿದೆ.

ರಜೆ ಮುಗಿಯುವ ಹಿಂದಿನ ದಿನ ನನ್ನ ಗಂಡ ಕಾರು ತೆಗೆದುಕೊಂಡು ಗಂಜಾಂಗೆ ಬಂದರು. ಊಟ ಮಾಡುವಾಗ ದೊಡ್ಡಮ್ಮ ಗೇಟಿನ ಕಥೆಯನ್ನು ಪೂರ್ತಿ ಹೇಳಿದಳು. ಅವರು ತಲೆ ಎತ್ತದೆ ಉಂಡರು. ಕೈ ತೊಳೆದ ಮೇಲೆ "ಸೈಕಲ್ನ ಹಿಂದಿನ ಸೀಟಲ್ಲಿ ಹಾಕಬೌದು, ಚಕ್ರ ಬಿಚ್ಚುದ್ರೆ" ಎಂದರು.

"ಚಕ್ರ ಬಿಚ್ಚೋದು ಬೇಡ. ನಾನು ಸೈಕಲ್ಲಲ್ಲೇ ಬರ್ತೀನಿ."

"ನಾಗಮಂಗಲಕ್ಕಾ?"

"ಹೂಂ. ಪಾಂಡವಪುರದ ಮೇಲೆ."

ಅವರು ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡರು. ಆಮೇಲೆ ಹೇಳಿದ ಮಾತು ನಾನು ಎಣಿಸಿದ್ದಲ್ಲ. "ಅವತ್ತು ನೀನು ಕಣ್ಣೇ ಬುಟ್ಟಿರಲಿಲ್ಲ. ಕಾರು ಓಡಿಸ್ತಾ ಓಡಿಸ್ತಾ ಹಿಂದಕ್ಕೆ ತಿರುಗಿ ನೋಡ್ತಿದ್ದೆ, ಉಸುರು ಆಡ್ತಾ ಅದಾ ಅಂತ. ನಿಂಗೆ ಅದು ಗೊತ್ತಿಲ್ಲ."

"ಗೊತ್ತಿಲ್ಲ" ಅಂದೆ. "ಈಗ ಗೊತ್ತಾಯ್ತು. ಆದ್ರೂ ನಾನು ಸೈಕಲ್ಲಲ್ಲೇ ಬರ್ತೀನಿ."

"ಹಿಂದ್ಗಡೆಯಿಂದ ನಿಧಾನಕ್ಕೆ ಕಾರಲ್ಲಿ ಬರ್ಲಾ?"

"ಬೇಡಿ. ಹಿಂದೆ ಗಾಡಿ ಇದ್ರೆ ನನಗೆ ಈಗಲೂ ಬೆನ್ನು ಜುಂ ಅನ್ನುತ್ತೆ. ನೀವು ಮುಂದೆ ಹೋಗಿ."

ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆ ಆರಕ್ಕೆ ಹೊರಟೆ. ನದಿಯ ಸೇತುವೆ ದಾಟಿ ದ್ವೀಪ ಬಿಟ್ಟು, ಕಿರಂಗೂರಿನ ಹತ್ತಿರ ಹೆದ್ದಾರಿಯ ಗದ್ದಲ ದಾಟಿ ಪಾಂಡವಪುರದ ರಸ್ತೆಗೆ ಬಿದ್ದೆ. ಕಬ್ಬಿನ ಎತ್ತಿನಗಾಡಿಗಳು ಸಾಲಾಗಿ ಬರುತ್ತಿದ್ದವು. ಹಿಂದಿನಿಂದ ಟ್ರಾಕ್ಟರಿನ ಸದ್ದು ಕೇಳಿದಾಗ ಮೊದಲ ಎರಡು ಸಲ ರಸ್ತೆಯಿಂದ ಇಳಿದು ನಿಂತುಬಿಟ್ಟೆ. ಮೂರನೆಯ ಸಲ ಇಳಿಯಲಿಲ್ಲ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು, ಬಿಳಿ ಗೆರೆಯ ಒಳಗೇ ನೇರ ಹೋದೆ. ಟ್ರಾಕ್ಟರು ಪಕ್ಕದಲ್ಲಿ ಹಾದು ಹೋಯಿತು. ಅದರ ಡ್ರೈವರಿಗೆ ನಾನು ಯಾರೆಂದು ಗೊತ್ತಿಲ್ಲ, ಅವನು ಹಾಡು ಕೇಳುತ್ತಿದ್ದ.

ಪಾಂಡವಪುರ ದಾಟಿ ತೊಣ್ಣೂರು ಕೆರೆಯ ಕಡೆ ತಿರುಗಿದೆ. ಅಲ್ಲಿ ಸೇರುವುದೆಂದು ಮಾತಾಗಿತ್ತು. ನನ್ನ ಗಂಡ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಇಡ್ಲಿಯ ಪೊಟ್ಟಣ. ಬೂಟು ಬಿಚ್ಚಿದರೆ ಪಾದ ಊದಿತ್ತು. ನೀರಿನಲ್ಲಿ ಇಳಿಬಿಟ್ಟೆ. ತೊಣ್ಣೂರು ಕೆರೆಯ ನೀರು ಎಷ್ಟು ತಿಳಿಯೆಂದರೆ ಗಿಡ್ಡ ಕಾಲು, ಉದ್ದ ಕಾಲು ಎರಡೂ ಚೆನ್ನಾಗಿ ಕಾಣುತ್ತಿದ್ದವು. ಅವರು ನೋಡಿದರು. ಕಾರಿಗೆ ಹತ್ತು ಅನ್ನಲಿಲ್ಲ. ಅನ್ನದೆ ಇರಲು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಇಡ್ಲಿಯನ್ನು ಮುರಿದು ಮುರಿದು ಇಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಜಕ್ಕನಹಳ್ಳಿಯಾಚೆ ದಿಬ್ಬ ಅದೆ" ಎಂದರು ಕೊನೆಗೆ.

"ಗೊತ್ತು."

ದಿಬ್ಬದ ಹೊತ್ತಿಗೆ ಬಿಸಿಲು ಏರಿತ್ತು. ನಾಲೆಯ ಸೀಮೆ ಮುಗಿದು ರಾಗಿ ಹೊಲಗಳು ಶುರುವಾಗಿದ್ದವು. ಎಡ ತೊಡೆಯಲ್ಲಿ ರಾಡು ಇರುವ ಜಾಗ ಕಾದ ಕಬ್ಬಿಣದ ಹಾಗೆ ಅನ್ನಿಸುತ್ತಿತ್ತು. ನಡುದಾರಿಯಲ್ಲಿ ನಿಂತರೆ ಆ ಏರಿನಲ್ಲಿ ಮತ್ತೆ ಸೈಕಲ್ ಹತ್ತಲು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ನಿಲ್ಲುವ ಮಾತಿರಲಿಲ್ಲ. ಮುಂದಿನ ಕರೆಂಟ್ ಕಂಬದ ತನಕ ಅಂದುಕೊಂಡೆ. ಅದು ಬಂದ ಮೇಲೆ ಅದರ ಮುಂದಿನದು. ಬಸ್ಸೊಂದರ ಕಿಟಕಿಯಿಂದ ಯಾರೋ ಏನೋ ಕೂಗಿದರು, ಹುರಿದುಂಬಿಸಲಿಕ್ಕೋ ನಗಲಿಕ್ಕೋ ಗೊತ್ತಾಗಲಿಲ್ಲ. ಯಾವುದಾದರೂ ನನಗೆ ಒಂದೇ ಆಗಿತ್ತು.

ದಿಬ್ಬದ ನೆತ್ತಿಗಿಂತ ಸ್ವಲ್ಪ ಕೆಳಗೆ ನನ್ನ ಗಂಡ ಕಾರು ನಿಲ್ಲಿಸಿ, ಕೆತ್ತಿದ ಎಳನೀರು ಕೈಯಲ್ಲಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನಾನು ಹತ್ತಿರ ಬಂದಾಗ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದರು.

"ನಿಲ್ಲೋಕಾಗಲ್ಲ" ಅಂದೆ. ಅಷ್ಟು ಹೇಳಲಿಕ್ಕೇ ಉಸಿರು ಸಾಲಲಿಲ್ಲ.

ಅವರು ಎಳನೀರು ಚೆಲ್ಲದ ಹಾಗೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಓಡತೊಡಗಿದರು. ಐವತ್ತೆರಡರ ಮನುಷ್ಯ, ಚಪ್ಪಲಿ ಕಾಲಿನಲ್ಲಿ, ಹೊಟ್ಟೆ ಕುಲುಕಿಸಿಕೊಂಡು. ಇಪ್ಪತ್ತು ಗಜ ಓಡಿದರೋ ಇಲ್ಲವೋ, ಏದುಸಿರು ಬಿಡುತ್ತಾ "ಓಗು, ಓಗು ನೀನು" ಎಂದು ಹಿಂದೆ ಉಳಿದರು. ನಾನು ತಿರುಗಿ ನೋಡಲಿಲ್ಲ. ನೆತ್ತಿ ದಾಟಿದೆ. ಎದುರಿಗೆ ನಾಗಮಂಗಲದ ರಸ್ತೆ ಉದ್ದಕ್ಕೆ ಇಳಿದಿತ್ತು.